ನಮಗೆ ದೊಡ್ಡ ಗಾಡಿ ಬೇಕೆ?

೨೦೨೪ರ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನು ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಮಂಡಿಯೂರಿ ಕುಳಿತು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಕಾಫಿಯ ಲೋಟ ಹಿಡಿದು ಬಾಗಿಲಿಗೆ ಬಂದ ನನ್ನ ಹೆಂಡತಿ ಸ್ವಲ್ಪ ಹೊತ್ತು ನೋಡುತ್ತ ನಿಂತು, “ಇದೇನ್ರೀ, ಈ ವಯಸ್ಸಿನಲ್ಲಿ ರಂಗೋಲಿ ಕಲಿಯುತ್ತಿದ್ದೀರಾ?” ಎಂದು ಕೇಳಿದಳು.

“ರಂಗೋಲಿಯಲ್ಲ, ಗಾಡಿ” ಎಂದೆ.

ಅದು ಗಾಡಿಯೇ ಸರಿ. ಉದ್ದ ೬.೩೬ ಮೀಟರು, ಅಗಲ ೨.೦೫ ಮೀಟರು. ನಾವು ಕೊಳ್ಳಬೇಕೆಂದಿದ್ದ ಹೊಸ ವಾಹನ ನಮ್ಮ ಅಂಗಳದಲ್ಲಿ ಹಿಡಿಸೀತೇ ಎಂದು ನೆಲದ ಮೇಲೆ ಅದರ ಆಕಾರವನ್ನು ಬರೆದು ನೋಡುತ್ತಿದ್ದೆ. ಗೆರೆ ಅವಳು ಹದಿನೈದು ವರ್ಷದಿಂದ ಸಾಕಿದ ಗುಲಾಬಿಯ ಗಿಡವನ್ನು ನುಂಗಿ, ಆಮೇಲೂ ತೃಪ್ತಿಯಾಗದೆ ಪಾದಚಾರಿಗಳ ಹಾದಿಯ ಮೇಲೆ ಒಂದು ಗೇಣು ಚಾಚಿಕೊಂಡಿತ್ತು. ಅವಳು ಗುಲಾಬಿಯನ್ನು ನೋಡಿದಳು, ಗೆರೆಯನ್ನು ನೋಡಿದಳು, ಕಾಫಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದವನಿಗೆ ಆ ಮೌನದ ಅರ್ಥ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ.

ನಾವಿರುವುದು ಇಂಗ್ಲೆಂಡಿನ ನಡುಭಾಗದಲ್ಲಿರುವ ಡರ್ಬಿಶೈರಿನ ಒಂದು ಸಣ್ಣ ಪಟ್ಟಣದಲ್ಲಿ. ನಾನು ಹೊಳೆನರಸೀಪುರದ ಕಡೆಯವನು. ೧೯೮೬ರಲ್ಲಿ ಇಲ್ಲಿಗೆ ಬಂದು, ಅರಿವಳಿಕೆಯ ವೈದ್ಯನಾಗಿ, ಎಂದರೆ ಜನರನ್ನು ನಿದ್ದೆಮಾಡಿಸುವ ಕೆಲಸದಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದು, ೨೦೧೯ರಲ್ಲಿ ನಿವೃತ್ತನಾದೆ. ಮಕ್ಕಳಿಬ್ಬರೂ ತಮ್ಮ ತಮ್ಮ ಗೂಡು ಸೇರಿದ್ದಾರೆ. ಉಳಿದವರು ನಾವಿಬ್ಬರು ಮತ್ತು ನಮ್ಮ ಬಸವ.

ಬಸವನೆಂದರೆ ನಮ್ಮ ಮನೆಗಾಡಿ. ಇಲ್ಲಿಯವರು ಇದನ್ನು ಕ್ಯಾಂಪರ್‌ವ್ಯಾನ್ ಎನ್ನುತ್ತಾರೆ. ಈಚೆಗೆ ಬೆಂಗಳೂರಿನಲ್ಲಿಯೂ ಇಂಥವು ಬಾಡಿಗೆಗೆ ಸಿಗುತ್ತವೆಯಾದರೂ ನಮ್ಮ ಓದುಗರಲ್ಲಿ ಹಲವರು ಒಳಗೆ ಹೊಕ್ಕು ನೋಡಿರಲಾರರು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯವರು ೧೯೫೦ರಲ್ಲಿ ಸಾಮಾನು ಸಾಗಿಸುವ ಒಂದು ಪುಟ್ಟ ವ್ಯಾನನ್ನು ತಯಾರಿಸಲು ಆರಂಭಿಸಿದರು. ಅದರಲ್ಲಿ ಯಾರೋ ಹಾಸಿಗೆ ಹಾಸಿದರು, ಮತ್ತಾರೋ ಒಲೆ ಇಟ್ಟರು. ಹೀಗೆ ಒಂದು ಹೊಸ ಜಾತಿಯೇ ಹುಟ್ಟಿಕೊಂಡಿತು. ನಮ್ಮದು ಅದೇ ವಂಶದ್ದು, ೨೦೧೧ರಲ್ಲಿ ಕೊಂಡದ್ದು. ಉದ್ದ ಐದು ಮೀಟರಿಗಿಂತ ಕಡಿಮೆ, ಎತ್ತರ ಎರಡು ಮೀಟರಿಗೆ ಒಂದು ಬೆರಳು ಕಡಿಮೆ. ಅಷ್ಟರೊಳಗೆ ಎರಡು ಉರಿಯ ಗ್ಯಾಸಿನ ಒಲೆ, ಪುಟ್ಟ ಫ್ರಿಜ್ಜು, ಕೈತೊಳೆಯುವ ತೊಟ್ಟಿ, ಹಗಲು ಬೆಂಚಾಗಿದ್ದು ರಾತ್ರಿ ಹಾಸಿಗೆಯಾಗುವ ಆಸನ. ನಿಂತುಕೊಂಡು ಅಡುಗೆ ಮಾಡಬೇಕಾದರೆ ಮಾಡನ್ನು ಕೊಡೆಯಂತೆ ಮೇಲಕ್ಕೆತ್ತಬೇಕು. ಹೊರಡುವಾಗ ಗುಂಡಿ ಇರುವ ರಸ್ತೆಯಲ್ಲಿ ಮುಂಭಾಗ ತಲೆಯಾಡಿಸುವುದನ್ನು ನೋಡಿ ಮಗಳು ಇಟ್ಟ ಹೆಸರು ಕೋಲೆಬಸವ. ಕ್ರಮೇಣ ಕೋಲೆ ಬಿದ್ದುಹೋಗಿ ಬಸವ ಉಳಿದ.

ಬಸವನ ಉಪಕಾರವನ್ನು ಹೇಳಹೊರಟರೆ ಮುಗಿಯುವುದಿಲ್ಲ. ಸ್ಕಾಟ್ಲೆಂಡಿನ ಆ್ಯಪಲ್‌ಕ್ರಾಸ್ ಎಂಬ ಊರಿಗೆ ಹೋಗುವ ಒಂದು ಬೆಟ್ಟದ ದಾರಿಯುಂಟು. ಸಮುದ್ರದ ಮಟ್ಟದಿಂದ ೬೨೬ ಮೀಟರು ಏರುತ್ತದೆ. ಕೆಳಗಡೆಯೇ ದೊಡ್ಡ ವಾಹನದವರಿಗೆ ಎಚ್ಚರಿಕೆಯ ಫಲಕ ಹಾಕಿದ್ದಾರೆ. ಬಸವ ತಲೆಯಾಡಿಸುತ್ತ ಅದನ್ನು ಏರಿದ. ಮೇಲೆ ಮೋಡದ ನಡುವೆ ನಿಲ್ಲಿಸಿ ನಾವು ಚಿತ್ರಾನ್ನ ತಿಂದೆವು. ಪಕ್ಕದಲ್ಲಿ ಚಳಿಯಿಂದ ನಡುಗುತ್ತಿದ್ದ ಇಬ್ಬರು ಸೈಕಲ್ ಸವಾರರಿಗೂ ಕೊಟ್ಟೆವು. ಒಬ್ಬಾತ ಕಡಲೆಬೇಳೆಯನ್ನು ಆರಿಸಿ ತೆಗೆದಿಟ್ಟ. ಇನ್ನೊಬ್ಬ ಮತ್ತೊಮ್ಮೆ ಹಾಕಿಸಿಕೊಂಡ.

ಹೀಗಿರಲು ದೊಡ್ಡ ಗಾಡಿಯ ಯೋಚನೆ ಏಕೆ ಬಂದಿತೆಂದರೆ, ಅದಕ್ಕೆ ಕಾರಣ ಒಂದು ರಾತ್ರಿ.

೨೦೨೩ರ ಅಕ್ಟೋಬರಿನಲ್ಲಿ ವೇಲ್ಸಿನ ಕಡಲ ತೀರದ ಒಂದು ಶಿಬಿರದಲ್ಲಿದ್ದೆವು. ಇಲ್ಲಿಯ ಶಿಬಿರಗಳೆಂದರೆ ಹುಲ್ಲಿನ ಬಯಲು. ಒಂದು ಮೂಲೆಯಲ್ಲಿ ಸ್ನಾನ ಶೌಚಗಳ ಕಟ್ಟಡ. ನಾವು ನಿಂತ ಜಾಗದಿಂದ ಅದು ಇನ್ನೂರು ಗಜ. ಬಸವನ ಹೊಟ್ಟೆಯೊಳಗೆ ಶೌಚದ ಡಬ್ಬಿಯೊಂದು ಇದ್ದಿತಾದರೂ ಅದನ್ನು ಹೊರಗೆಳೆಯಬೇಕಾದರೆ ಹಾಸಿಗೆಯ ಅರ್ಧವನ್ನು ಮಡಿಸಬೇಕು, ಎಂದರೆ ನನ್ನನ್ನು ಎಬ್ಬಿಸಬೇಕು. ನನ್ನಾಕೆ ಎಬ್ಬಿಸುವವಳಲ್ಲ. ಎರಡು ಗಂಟೆಯ ಸುಮಾರಿಗೆ ನನಗೆ ಎಚ್ಚರವಾದಾಗ ಪಕ್ಕದಲ್ಲಿ ಅವಳಿರಲಿಲ್ಲ. ಮಳೆ ಬರುತ್ತಿತ್ತು. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ, ಕೊನೆಗೆ ಟಾರ್ಚು ಹಿಡಿದು ಬಾಗಿಲು ಸರಿಸಿದರೆ ಅವಳು ಬಾಗಿಲಲ್ಲಿಯೇ, ಗಾಡಿಯ ಹೊಸ್ತಿಲ ಅಂಚಿಗೆ ಒರಗಿ, ಕೊಡೆ ಹಿಡಿದು ನಿಂತಿದ್ದಳು. ಎಡಮಂಡಿ ಮೇಲಕ್ಕೆ ಬರುತ್ತಿರಲಿಲ್ಲ. “ಸ್ವಲ್ಪ ನಿಂತರೆ ಸರಿಹೋಗುತ್ತೆ ಅಂತ ನಿಂತಿದ್ದೆ, ನಿಮ್ಮ ನಿದ್ದೆ ಕೆಡಿಸೋದು ಯಾಕೆ” ಎಂದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಹೇಳಲಿಲ್ಲ. ಕಾಲುಚೀಲ ಹಿಂಡಿದರೆ ನೀರು ಬರುತ್ತಿತ್ತು.

ಆ ರಾತ್ರಿ ನಾನು ಮತ್ತೆ ನಿದ್ದೆ ಮಾಡಲಿಲ್ಲ. ಬೆಳಗಾಗುವುದರೊಳಗೆ ನಿರ್ಧಾರವಾಗಿತ್ತು. ಒಳಗೇ ಶೌಚದ ಕೋಣೆ, ಮಡಿಸಬೇಕಾಗಿಲ್ಲದ ಹಾಸಿಗೆ, ತಲೆಯೆತ್ತಿ ನಿಲ್ಲುವ ಮಾಡು, ಇವು ಮೂರೂ ಇರುವ ಗಾಡಿ ಬೇಕು.

ಗಂಡಸಿಗೆ ಒಂದು ಒಳ್ಳೆಯ ಕಾರಣ ಸಿಕ್ಕಿದ ಮೇಲೆ ಅವನ ಉತ್ಸಾಹವನ್ನು ಕೇಳಬೇಕೆ? ಆ ಚಳಿಗಾಲವೆಲ್ಲ ನಾನು ನಕ್ಷೆಗಳನ್ನೂ ಬೆಲೆಪಟ್ಟಿಗಳನ್ನೂ ಓದಿದೆ. ಫೆಬ್ರುವರಿಯಲ್ಲಿ ಒಂದು ಮಾರಾಟದ ಮಳಿಗೆಗೆ ಹೋದೆವು. ಅಲ್ಲಿ ಏಳು ಮೀಟರಿಗೂ ಮೀರಿದ ಒಂದು ವಾಹನ ನಿಂತಿತ್ತು. ಗಾಡಿಯೆಂದರೆ ಅದಕ್ಕೆ ಅವಮಾನವಾದೀತು; ಅದೊಂದು ಛತ್ರ. ಹಿಂಭಾಗದಲ್ಲಿ ಮಂಚ, ಬಿಸಿನೀರಿನ ಸ್ನಾನ, ಎದುರುಬದುರಾಗಿ ಎರಡು ಸೋಫಾ. ನಾನು ಚಾಲಕನ ಆಸನದಲ್ಲಿ ಕುಳಿತು ಸುತ್ತ ನೋಡಿದಾಗ ದಸರಾ ಆನೆಯ ಅಂಬಾರಿಯಿಂದ ನೋಡಿದಂತಾಯಿತು.

ಮಾರುವವನು ವಿನಯದಿಂದ ಒಂದು ಪ್ರಶ್ನೆ ಕೇಳಿದ: “ನಿಮ್ಮಿಬ್ಬರಿಗೂ ಲೈಸೆನ್ಸು ಬಂದದ್ದು ಯಾವ ವರ್ಷ?”

ಈ ಪ್ರಶ್ನೆಯ ಹಿಂದೆ ಇಲ್ಲಿಯ ಒಂದು ಕಾನೂನು ಅಡಗಿದೆ. ೧೯೯೭ರ ಜನವರಿ ೧ಕ್ಕೆ ಮುಂಚೆ ಕಾರಿನ ಪರೀಕ್ಷೆ ತೇರ್ಗಡೆಯಾದವರು ಏಳೂವರೆ ಟನ್ ತೂಕದ ವಾಹನದವರೆಗೂ ಓಡಿಸಬಹುದು. ಆಮೇಲೆ ತೇರ್ಗಡೆಯಾದವರಿಗೆ ಸಾಮಾನ್ಯವಾಗಿ ಮೂರೂವರೆ ಟನ್ನೇ ಎಲ್ಲೆ. ಅದಕ್ಕೂ ಭಾರದ್ದು ಬೇಕಾದರೆ ಬೇರೆ ಪರೀಕ್ಷೆ. ಛತ್ರದ ಅನುಮತಿಯ ತೂಕ ಮೂರೂವರೆ ಟನ್ನನ್ನು ದಾಟಿತ್ತು. ನಾನು ತೇರ್ಗಡೆಯಾದದ್ದು ೧೯೮೮ರಲ್ಲಿ. ನನ್ನಾಕೆ, ಮಕ್ಕಳನ್ನು ಶಾಲೆಗೆ ಬಿಡಲು ಮಳೆಯಲ್ಲಿ ನಡೆದು ನಡೆದು ಸಾಕಾಗಿ, ಮೂರನೆಯ ಪ್ರಯತ್ನದಲ್ಲಿ ೧೯೯೮ರಲ್ಲಿ.

“ಅಂದರೆ ಇದನ್ನು ನಾನು ಓಡಿಸೋ ಹಾಗಿಲ್ಲ” ಎಂದಳು ಅವಳು.

“ನಾನು ಓಡಿಸುತ್ತೇನಲ್ಲ!” ಎಂದೆ ನಾನು ಅಂಬಾರಿಯಿಂದ.

“ಸಾಹೇಬರಿಗೆ ಎಪ್ಪತ್ತು ತುಂಬಿದ ಮೇಲೆ ಈ ತೂಕದ ಹಕ್ಕು ತಾನಾಗಿ ಉಳಿಯುವುದಿಲ್ಲ, ವೈದ್ಯರ ತಪಾಸಣೆ ಮಾಡಿಸಿಕೊಂಡು ಅರ್ಜಿ ಹಾಕಬೇಕಾಗುತ್ತದೆ” ಎಂದ ಮಾರುವವನು. ಪ್ರಾಮಾಣಿಕ ಮನುಷ್ಯ, ಹೇಳದೆ ಇದ್ದಿದ್ದರೆ ವ್ಯಾಪಾರ ಕುದುರುತ್ತಿತ್ತು. ನನಗೆ ಆಗಲೇ ಅರವತ್ತೆಂಟು ಸಮೀಪಿಸಿತ್ತು. ನನ್ನಾಕೆ ಏನೂ ಹೇಳದೆ ಕಿಟಕಿಯ ಪರದೆಯ ಬಟ್ಟೆಯನ್ನು ಬೆರಳಿನಿಂದ ಉಜ್ಜಿ ನೋಡುತ್ತಿದ್ದಳು.

ಛತ್ರ ಹೋಯಿತು. ಅದರ ಬದಲಿಗೆ ಬಂದದ್ದೇ ಸೀಮೆಸುಣ್ಣದ ಗಾಡಿ. ಸಾಮಾನಿನ ದೊಡ್ಡ ವ್ಯಾನಿನೊಳಗೆ ಮನೆ ಕಟ್ಟಿದ್ದು. ಸರಿಯಾಗಿ ಮೂರೂವರೆ ಟನ್. ಕಾನೂನಿನ ಮಟ್ಟಿಗೆ ಇಬ್ಬರೂ ಓಡಿಸಬಹುದು. ಆದರೆ ಇಲ್ಲಿ ಇನ್ನೊಂದು ಲೆಕ್ಕ ಕಾದಿತ್ತು. ಖಾಲಿ ಗಾಡಿಯೇ ಮೂರು ಟನ್ನಿಗೆ ಮೇಲೆ ತೂಗುತ್ತದೆ. ಉಳಿದ ನಾನೂರು ಚಿಲ್ಲರೆ ಕಿಲೊಗಳಲ್ಲಿ ನಾವಿಬ್ಬರೂ ಅಡಗಬೇಕು. ತೊಟ್ಟಿಯ ತುಂಬ ನೂರು ಲೀಟರು ನೀರು ತುಂಬಿದರೆ ಅದೇ ನೂರು ಕಿಲೊ. ಗ್ಯಾಸು, ಬಿಸಿಲು ಮಳೆಗೆ ಹಿಡಿಯುವ ಚಪ್ಪರ, ಕುರ್ಚಿ ಮೇಜು, ಎರಡು ಸೈಕಲ್ಲು, ಅಕ್ಕಿ ಬೇಳೆ, ಕುಕ್ಕರು. ನಾನು ಒಂದು ಹಾಳೆಯಲ್ಲಿ ಪ್ರತಿಯೊಂದರ ತೂಕ ಬರೆದು ಕೂಡಿಸುತ್ತ ಬಂದೆ. “ನನ್ನ ಒಗ್ಗರಣೆ ಡಬ್ಬಿ ಎಷ್ಟು ತೂಗಿತು?” ಎಂದು ಅವಳು ಕೇಳಿದಾಗ ತಮಾಷೆಯೆಂದು ತಿಳಿದು ತೂಗಿಯೇ ಹೇಳಿದೆ. ಒಂದು ಕಿಲೊ ಎಂಟುನೂರು ಗ್ರಾಂ.

ಬೆಲೆ ಅರವತ್ತು ಸಾವಿರ ಪೌಂಡಿನ ಮೇಲೆ. ನಿವೃತ್ತನಾದಾಗ ಒಟ್ಟಿಗೆ ಬಂದ ಹಣದಲ್ಲಿ ಬಹುಭಾಗ ಅದರಲ್ಲಿಯೇ ಕರಗುವಂತಿತ್ತು. ಮಗ ಲೆಕ್ಕದವನು. “ಅಪ್ಪಾ, ರಾತ್ರಿಗೆ ನೂರಿಪ್ಪತ್ತು ಪೌಂಡಿನ ಹೋಟೆಲಿನಲ್ಲಿ ಆ ಹಣಕ್ಕೆ ಐನೂರು ರಾತ್ರಿ ಮಲಗಬಹುದು” ಎಂದ. ವರ್ಷಕ್ಕೆ ಅರವತ್ತು ರಾತ್ರಿಯಾದರೆ ಎಂಟು ವರ್ಷದ ಮೇಲೆ ಬಂದಿತು. ಮಗಳದು ಬೇರೆ ವಾದ. ಅವಳಿರುವುದು ಲಂಡನ್ನಿನ ಅಂಚಿನಲ್ಲಿ. ಹೊಗೆಯುಗುಳುವ ಹಳೆಯ ವಾಹನಗಳು ಒಳಗೆ ಬಂದರೆ ದಿನಕ್ಕೆ ಹನ್ನೆರಡೂವರೆ ಪೌಂಡು ತೆರಬೇಕೆಂಬ ನಿಯಮ ೨೦೧೯ರಲ್ಲಿ ನಗರದ ಮಧ್ಯದಲ್ಲಿ ಆರಂಭವಾಗಿ, ೨೦೨೩ರ ಆಗಸ್ಟಿನಿಂದ ಲಂಡನ್ನಿನ ಎಲ್ಲ ಭಾಗಗಳಿಗೂ ಹಬ್ಬಿದೆ. ಬಸವ ಡೀಸೆಲ್ಲಿನವನು, ಹಳಬ. ಮೊಮ್ಮಗನನ್ನು ನೋಡಲು ಹೋದಾಗಲೆಲ್ಲ ಕಪ್ಪ ಕೊಡಬೇಕು. “ಹೊಸದಕ್ಕೆ ಅದಿಲ್ಲವಲ್ಲಪ್ಪ” ಎಂದಳು ಮಗಳು. ವರ್ಷಕ್ಕೆ ಹದಿನೆಂಟು ದಿನವೆಂದರೂ ಇನ್ನೂರಿಪ್ಪತ್ತೈದು ಪೌಂಡು. ಅದನ್ನು ಉಳಿಸಲು ಅರವತ್ತು ಸಾವಿರ! ಆದರೆ ಆಗ ನನಗೆ ಆ ವಾದವೂ ಹಿತವಾಗಿತ್ತು.

ಈ ನಡುವೆ ನನಗೆ ನಮ್ಮ ತಾತನ ನೆನಪಾಗುತ್ತಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ನಡೆಯುವ ಚುಂಚನಕಟ್ಟೆಯ ದನಗಳ ಜಾತ್ರೆಗೆ ಅವರು ಕಮಾನುಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ನನಗೆ ಏಳೆಂಟು ವರ್ಷ. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಕಂಬಳಿ, ಅಚ್ಚಿಗೆ ತೂಗುಹಾಕಿದ ಲಾಂದ್ರ, ಇಳಿದಲ್ಲಿ ಮೂರು ಕಲ್ಲಿನ ಒಲೆ. ಯೋಚಿಸಿ ನೋಡಿದರೆ ನಮ್ಮ ಬಸವನಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ತಾತನಲ್ಲಿ ಎತ್ತರದ ಹಳ್ಳಿಕಾರ್ ಜೋಡಿ ಇತ್ತು, ಊರಿಗೇ ಹೆಸರುವಾಸಿ. ಒಂದು ವರ್ಷ ಅದೇ ಜಾತ್ರೆಯಲ್ಲಿ ಅದನ್ನು ಮಾರಿ, ಗಿಡ್ಡಗೆ ಸಾಧುವಾದ ಒಂದು ಜೋಡಿ ಹಿಡಿದುಕೊಂಡು ಬಂದರು. ಊರವರು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಏಕೆಂದರೆ ಆ ಎತ್ತುಗಳಿಗೆ ನೀರು ಕುಡಿಸಲು ಅಜ್ಜಿಯೂ ಹೋಗಬಹುದಾಗಿತ್ತು. ಹಳ್ಳಿಕಾರ್ ಜೋಡಿ ತಾತನನ್ನಲ್ಲದೆ ಬೇರೆಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಇದು ಈಗ ಹೊಳೆದ ಅರ್ಥ. ಆಗ ಸೀಮೆಸುಣ್ಣ ಕೈಯಲ್ಲಿದ್ದಾಗ ಬರಿಯ ಲಾಂದ್ರದ ನೆನಪು.

ಕೊಳ್ಳುವ ಮುಂಚೆ ಒಂದು ವಾರ ಬಾಡಿಗೆಗೆ ತೆಗೆದುಕೊಂಡು ನೋಡೋಣವೆಂದು ಸೂಚಿಸಿದವಳು ಅವಳೇ. ಜೂನಿನಲ್ಲಿ ಅಂಥದೇ ಗಾಡಿಯೊಂದನ್ನು ತಂದು, ಇಬ್ಬರ ಹೆಸರಿನಲ್ಲಿಯೂ ವಿಮೆ ಮಾಡಿಸಿ, ಯಾರ್ಕ್‌ಶೈರಿನ ಬೆಟ್ಟಗಾಡಿಗೆ ಹೊರಟೆವು. ಹಾಸ್ ಎಂಬ ಸಣ್ಣ ಸಂತೆಯೂರಿನ ಹತ್ತಿರ ಬೀಡು. ರಿಬ್ಬಲ್‌ಹೆಡ್ಡಿನ ಇಪ್ಪತ್ತನಾಲ್ಕು ಕಮಾನಿನ ರೈಲುಸೇತುವೆ ಅಲ್ಲಿಂದ ದೂರವಿಲ್ಲ.

ದೊಡ್ಡ ಗಾಡಿಯ ಸುಖವನ್ನು ನಾನು ಮರೆಮಾಚಬಾರದು. ಮೊದಲ ರಾತ್ರಿ ನನ್ನಾಕೆ ಎದ್ದು, ಮೂರು ಹೆಜ್ಜೆ ಹೋಗಿ, ಮೂರು ಹೆಜ್ಜೆ ಬಂದು, ಮತ್ತೆ ಬೆಳಗಿನ ಏಳರವರೆಗೆ ನಿದ್ದೆಮಾಡಿದಳು. ಮಳೆ ಬಂದರೆ ಹೊರಗೆ ಬಂದಿತು. ಫಿಲ್ಟರಿಗೆ ಕಾಫಿಪುಡಿ ಹಾಕಿ, ಡಿಕಾಕ್ಷನ್ ಇಳಿಯುವವರೆಗೆ ಕಾಲುಚಾಚಿ ಕುಳಿತು ಕುರಿಗಳನ್ನು ನೋಡಿದೆವು. ಪಕ್ಕದ ಗಾಡಿಯವನು ಎಪ್ಪತ್ತನಾಲ್ಕರ ನಿವೃತ್ತ ಬಸ್ ಚಾಲಕ. ತನ್ನ ಏಳು ಮೀಟರಿನ ವಾಹನವನ್ನು ಮಗ್ಗಿ ಒಪ್ಪಿಸಿದಷ್ಟು ಸಲೀಸಾಗಿ ಹಿಂದಕ್ಕೆ ತಂದು ನಿಲ್ಲಿಸಿದ. ಅಂಥವರಿಗೆ ಅದು ಒಪ್ಪುತ್ತದೆ. ಮೂರು ದಿನ ನಾನು ನನ್ನನ್ನು ಅಂಥವನೆಂದೇ ತಿಳಿದಿದ್ದೆ.

ನಾಲ್ಕನೆಯ ದಿನ ಬಟರ್‌ಟಬ್ಸ್ ಕಣಿವೆಯ ದಾರಿಯನ್ನು ಹತ್ತಿದೆವು. ಹೆಸರಿನ ಅರ್ಥ ಬೆಣ್ಣೆಯ ತೊಟ್ಟಿ. ಮೇಲ್ಭಾಗದಲ್ಲಿ ಸುಣ್ಣಕಲ್ಲಿನ ಆಳವಾದ ಗುಂಡಿಗಳಿವೆ. ಹಿಂದೆ ಸಂತೆಗೆ ಹೋಗುವ ರೈತರು ಬೇಸಗೆಯಲ್ಲಿ ಬೆಣ್ಣೆಯನ್ನು ಆ ತಂಪಿನಲ್ಲಿ ಇಳಿಸಿಡುತ್ತಿದ್ದರೆಂದು ಪ್ರತೀತಿ. ಆಚೆ ಇಳಿದರೆ ಸ್ವೇಲ್‌ಡೇಲ್ ಎಂಬ ಕಣಿವೆ. ಎರಡು ಪಕ್ಕದಲ್ಲಿಯೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ, ನಡುವೆ ಒಂದೂವರೆ ಗಾಡಿಯ ಅಗಲದ ರಸ್ತೆ. ಎದುರಿಗೆ ಕಾರು ಬಂದಾಗಲೆಲ್ಲ ನಾನು ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದೆ, ನನ್ನ ಹೊಟ್ಟೆ ಒಳಗೆ ಹೋದರೆ ಗಾಡಿಯೂ ಸಣ್ಣಗಾಗುವುದೆಂಬಂತೆ.

ಗನ್ನರ್‌ಸೈಡ್ ಎಂಬ ಹಳ್ಳಿ ದಾಟುವ ಹೊತ್ತಿಗೆ ನನ್ನ ಬಲಗಣ್ಣಿನ ಅಂಚಿನಲ್ಲಿ ಫಳ್ಳೆಂದು ಮಿಂಚಿತು. ಮತ್ತೊಮ್ಮೆ ಮಿಂಚಿತು. ಅದರ ಹಿಂದೆಯೇ ಯಾರೋ ಮಸಿ ಉದುರಿಸಿದಂತೆ ಕಪ್ಪು ಚುಕ್ಕೆಗಳು, ಜೇಡರ ಬಲೆಯಂಥ ಎಳೆಗಳು ಕಣ್ಣಮುಂದೆ ತೇಲತೊಡಗಿದವು. ಕಣ್ಣು ನನ್ನ ವಿಭಾಗವಲ್ಲದಿದ್ದರೂ ಇದೇನೆಂದು ಗೊತ್ತಿತ್ತು. ಕಣ್ಣಿನೊಳಗೆ ತುಂಬಿರುವ ಲೋಳೆ ವಯಸ್ಸಾದಂತೆ ಕುಗ್ಗಿ ಹಿಂದಿನ ಅಕ್ಷಿಪಟಲದಿಂದ ಬಿಡಿಸಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದರಿಂದ ಅಪಾಯವಿಲ್ಲ. ಕೆಲವರಿಗೆ ಬಿಡಿಸಿಕೊಳ್ಳುವಾಗ ಅಕ್ಷಿಪಟಲವೇ ಹರಿಯುತ್ತದೆ. ಆಗ ತಡಮಾಡಿದರೆ ದೃಷ್ಟಿಯೇ ಹೋಗಬಹುದು. ಯಾವುದೆಂದು ತಿಳಿಯಬೇಕಾದರೆ ಅದೇ ದಿನ ತೋರಿಸಬೇಕು.

ಒಂದು ಹೊಲದ ಗೇಟಿನ ಮುಂದೆ ನಿಲ್ಲಿಸಿ ಅವಳಿಗೆ ಹೇಳಿದೆ. ಅವಳು “ಅಯ್ಯೋ” ಎನ್ನಲಿಲ್ಲ. ಇಳಿದು, ಗಾಡಿಯನ್ನು ಸುತ್ತಿ ನನ್ನ ಬಾಗಿಲಿಗೆ ಬಂದು, “ಇಳೀರಿ” ಎಂದಳು. ಆ ಗಾಡಿಯ ಮೆಟ್ಟಿಲು ಎತ್ತರ. ಬಲಗಾಲಿಟ್ಟು, ಎರಡು ಕೈಯಲ್ಲಿ ಹಿಡಿದು, ನಾನು ಹಿಂದಿನಿಂದ ತಳ್ಳಿ, ಅಂತೂ ಏರಿದಳು. ಬೆನ್ನಿಗೆ ದಿಂಬು ಕೊಟ್ಟೆ. ಬಸವನಿಗೆ ಕ್ಲಚ್ಚಿಲ್ಲ; ಎಡಗಾಲಿಗೆ ಕೆಲಸವೇ ಇಲ್ಲ. ಈ ಗಾಡಿಗೆ ಕ್ಲಚ್ಚುಂಟು. ಒಂದೊಂದು ಸಲ ಅದನ್ನು ತುಳಿದಾಗಲೂ ಅವಳ ಕೆಳತುಟಿ ಹಲ್ಲಿನಡಿಗೆ ಹೋಗುವುದು ನನ್ನ ಒಳ್ಳೆಯ ಕಣ್ಣಿಗೆ ಕಾಣುತ್ತಿತ್ತು.

ರೀತ್, ರಿಚ್ಮಂಡ್, ಡಾರ್ಲಿಂಗ್‌ಟನ್. ಸುಮಾರು ಮೂವತ್ತು ಮೈಲಿ. ಗಂಟೆಗೆ ಇಪ್ಪತ್ತೈದರಂತೆ ಓಡಿಸಿದಳು; ಹಿಂದೆ ಕಾರುಗಳ ಮೆರವಣಿಗೆ. ಒಂದು ತಿರುವಿನಲ್ಲಿ ಹಾಲಿನ ಟ್ಯಾಂಕರು ಎದುರಾಯಿತು. ಇಬ್ಬರಲ್ಲಿ ಒಬ್ಬರು ಹಿಂದೆ ಹೋಗಬೇಕು. ಅವಳು ಗಾಜು ಇಳಿಸಿ, “ನನಗೆ ಈ ಗಾಡಿ ಹಿಂದಕ್ಕೆ ತೆಗೆಯಲು ಬರುವುದಿಲ್ಲ, ನನ್ನ ಗಂಡನಿಗೆ ಕಣ್ಣು ಕಾಣುತ್ತಿಲ್ಲ” ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. ಆತ ಒಂದು ಮಾತೂ ಆಡದೆ ಇನ್ನೂರು ಗಜ ಹಿಂದಕ್ಕೆ ಹೋದ.

ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧ ಬಿಟ್ಟು, ಪಾಪೆ ಹಿಗ್ಗಿಸಿ, ನಮ್ಮ ಮಗಳ ವಯಸ್ಸಿನ ವೈದ್ಯೆಯೊಬ್ಬಳು ಬಹಳ ಹೊತ್ತು ಪರೀಕ್ಷಿಸಿದಳು. ಅಕ್ಷಿಪಟಲ ಹರಿದಿರಲಿಲ್ಲ. ಮಿಂಚು ಹೆಚ್ಚಾದರೆ ಅಥವಾ ಪರದೆ ಇಳಿದಂತೆ ನೆರಳು ಕಂಡರೆ ತಕ್ಷಣ ಬರಬೇಕೆಂದಳು. ಆಮೇಲೆ ಕಾಗದದ ಮೇಲೆ ಬರೆಯುತ್ತಲೇ, “ಎರಡು ಕಣ್ಣಿನಲ್ಲಿಯೂ ಪೊರೆ ಬೆಳೆದಿದೆ. ರಾತ್ರಿ ಹೊತ್ತು ಗಾಡಿ ಓಡಿಸಲು ಕಷ್ಟವಾಗುತ್ತಿಲ್ಲವೆ ಡಾಕ್ಟರ್?” ಎಂದು ಕೇಳಿದಳು.

“ಅಷ್ಟೇನಿಲ್ಲ” ಎಂದೆ.

ಮೂಲೆಯ ಕುರ್ಚಿಯಿಂದ ನನ್ನಾಕೆ ಹೇಳಿದಳು: “ಆಗುತ್ತಿದೆ. ಎರಡು ವರ್ಷದಿಂದ.”

ಆ ಸಂಜೆ ಹತ್ತಿರದ ಒಂದು ಶಿಬಿರದವರೆಗೆ ಅವಳೇ ಓಡಿಸಿದಳು. ಎಂಜಿನ್ ನಿಲ್ಲಿಸಿದ ಮೇಲೆ ಇಳಿಯಲಾಗದೆ ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತಿದ್ದಳು. ಹಿಗ್ಗಿದ ಪಾಪೆಗೆ ಸಂಜೆಯ ಬೆಳಕೂ ಚುಚ್ಚುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆದ್ದರಿಂದಲೋ ಏನೋ ಮಾತು ಸುಲಭವಾಯಿತು.

ಅವಳ ಮಂಡಿಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯಿಂದ ಮೇ ತಿಂಗಳಿನಲ್ಲಿಯೇ ಕಾಗದ ಬಂದಿತ್ತಂತೆ. ಅವಳ ಸರದಿ ಬಂದಿತ್ತು. ಅನುಕೂಲವಿಲ್ಲವೆಂದು ತಿಳಿಸಿ ಮುಂದಕ್ಕೆ ಹಾಕಿಸಿದ್ದಳು. ಕಾಗದ ಮನೆಯ ಅಡುಗೆಮನೆಯಲ್ಲಿ ಸಾರಿನಪುಡಿಯ ಡಬ್ಬಿಯ ಕೆಳಗಿತ್ತು. ಅರಿವಳಿಕೆ ಕೊಡುವುದೇ ಕಸುಬಾಗಿದ್ದ ಗಂಡನಿಗೆ ಹೇಳಿರಲಿಲ್ಲ!

“ಯಾಕೆ?” ಎಂದೆ.

“ಆಪರೇಷನ್ ಆದ ಮೇಲೆ ಸುಮಾರು ಆರು ವಾರ ಗಾಡಿ ಓಡಿಸೋ ಹಾಗಿಲ್ಲವಂತೆ. ಆ ಆರು ವಾರ ಮನೆಗೆ ಒಬ್ಬರೇ ಡ್ರೈವರು ನೀವು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತೆ. ನಿಮಗೆ ಕಾಣಿಸೋಲ್ಲ ಅಂತ ನನಗೆ ಗೊತ್ತು. ನಿಮಗೆ ಹೇಳಿದರೆ ಸಿಟ್ಟು ಬರುತ್ತೆ ಅಂತಲೂ ಗೊತ್ತು.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು: “ನನ್ನ ಮಂಡಿಗೋಸ್ಕರ ಅಂತ ನೀವು ಗಾಡಿ ಕೊಳ್ಳೋಕೆ ಹೊರಟಿದೀರಿ. ನಿಮ್ಮ ಕಣ್ಣಿಗೋಸ್ಕರ ಅಂತ ನಾನು ಈ ಮಂಡಿ ಇಟ್ಟುಕೊಂಡು ಕೂತಿದೀನಿ.”

ನಾನು ಮೂವತ್ತು ವರ್ಷ ದಿನಕ್ಕೆ ಹತ್ತು ಜನರನ್ನು, “ನಿಮಗೆ ಏನು ತೊಂದರೆ ಇದೆ, ಯಾವುದನ್ನೂ ಮುಚ್ಚಿಡಬೇಡಿ” ಎಂದು ಕೇಳಿದವನು. ಮನೆಯಲ್ಲಿ ಕೇಳಿರಲಿಲ್ಲ. ಕೇಳದಿದ್ದುದಕ್ಕೆ ಕಾರಣವೂ ಸ್ಪಷ್ಟ. ಕೇಳಿದರೆ ಅವಳೂ ತಿರುಗಿ ಕೇಳುತ್ತಿದ್ದಳು. ಕತ್ತಲಾದ ಮೇಲೆ ಎದುರಿನಿಂದ ಬರುವ ದೀಪಗಳು ನನಗೆ ಹೂವಿನಂತೆ ಅರಳಿ ಕಾಣತೊಡಗಿ ಬಹಳ ದಿನವಾಗಿತ್ತು. ಸಂಜೆಯ ಸಂಗೀತ ಕಚೇರಿಗಳಿಗೆ ಹೋಗುವುದನ್ನು ಮೆಲ್ಲಗೆ ಬಿಟ್ಟುಬಿಟ್ಟಿದ್ದೆ. ಇಪ್ಪತ್ತು ಮೀಟರು ದೂರದ ನಂಬರಿನ ಹಲಗೆಯನ್ನು ಓದಲು ಬರಬೇಕೆಂಬುದು ಇಲ್ಲಿಯ ನಿಯಮ. ಹಗಲಿನಲ್ಲಿ ಓದಬಲ್ಲೆ, ಆದ್ದರಿಂದ ಎಲ್ಲ ಸರಿಯಿದೆ ಎಂದು ನನಗೆ ನಾನೇ ಪ್ರಮಾಣಪತ್ರ ಬರೆದುಕೊಂಡಿದ್ದೆ. ಎರಡು ಕಣ್ಣು, ಒಂದು ಮಂಡಿ. ಇವನ್ನು ರಿಪೇರಿ ಮಾಡಿಸಲು ಅಂಜಿ ನಾವು ಅರವತ್ತು ಸಾವಿರ ಪೌಂಡು ಕೊಟ್ಟು ಅವುಗಳ ಸುತ್ತ ಒಂದು ದೊಡ್ಡ ಗಾಡಿ ಕಟ್ಟಿಸಲು ಹೊರಟಿದ್ದೆವು.

ಮರುದಿನ ಬಾಡಿಗೆಯವರಿಗೆ ಫೋನ್ ಮಾಡಿದೆವು. ಮಗ ರೈಲಿನಲ್ಲಿ ಬಂದು ಗಾಡಿಯನ್ನು ಓಡಿಸಿಕೊಂಡು ಹೋದ. ದಾರಿಯುದ್ದಕ್ಕೂ ಅವನು ಐನೂರು ರಾತ್ರಿಯ ಲೆಕ್ಕವನ್ನು ಎತ್ತಲಿಲ್ಲ. ಅದಕ್ಕಾಗಿ ಅವನಿಗೆ ನಾನು ಕೃತಜ್ಞ.

ಮುಂದಿನದನ್ನು ಬೇಗ ಹೇಳಬಹುದು. ಸೆಪ್ಟೆಂಬರಿನಲ್ಲಿ ನನ್ನ ಒಂದು ಕಣ್ಣಿನ ಪೊರೆ ತೆಗೆದರು, ನವೆಂಬರಿನಲ್ಲಿ ಇನ್ನೊಂದರದು. ಮೊದಲ ಕಣ್ಣಿನ ಕಟ್ಟು ಬಿಚ್ಚಿದ ದಿನ ನಮ್ಮ ಅಡುಗೆಮನೆಯ ಗೋಡೆ ಹಳದಿಯಲ್ಲ, ಬಿಳಿ ಎಂದು ತಿಳಿಯಿತು. ೨೦೨೫ರ ಫೆಬ್ರುವರಿಯಲ್ಲಿ ಅವಳ ಮಂಡಿ. ಬೆನ್ನಿಗೆ ಅರಿವಳಿಕೆ ಕೊಟ್ಟ ತರುಣ ವೈದ್ಯನಿಗೆ ನಾನು ಸಲಹೆ ಕೊಡಲು ಹೋಗದಂತೆ ನನ್ನನ್ನು ಹೊರಗೆ ಕೂರಿಸಬೇಕೆಂದು ಅವಳು ಮೊದಲೇ ನರ್ಸಿಗೆ ಹೇಳಿಟ್ಟಿದ್ದಳು. ಆರು ವಾರ ನಾನೊಬ್ಬನೇ ಚಾಲಕ. ಕತ್ತಲಲ್ಲಿಯೂ ಓಡಿಸಿದೆ, ಎದುರಿನ ದೀಪಗಳು ದೀಪಗಳಾಗಿಯೇ ಇದ್ದವು. ಮೊದಮೊದಲು ಅವಳು ಪಕ್ಕದಲ್ಲಿ ಕುಳಿತು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದಳು. ಮೂರನೆಯ ವಾರ ನಿದ್ದೆಹೋದಳು.

ಬಸವನಿಗೂ ಸ್ವಲ್ಪ ಖರ್ಚು ಮಾಡಿದೆವು. ಎತ್ತರದ ಒಂದು ಡೇರೆ ತಂದೆವು. ಅದು ಗಾಡ���ಯ ಬಾಗಿಲಿಗೆ ಅಂಟಿಕೊಂಡು ನಿಲ್ಲುತ್ತದೆ, ಶೌಚದ ಡಬ್ಬಿ ಈಗ ಅದರೊಳಗೆ. ಯಾರನ್ನೂ ಎಬ್ಬಿಸಬೇಕಾಗಿಲ್ಲ, ಮಳೆಯಲ್ಲಿ ನೆನೆಯಬೇಕಾಗಿಲ್ಲ. ಬಾಗಿಲಿಗೆ ಮೆಟ್ಟಿಲು ಬೇಕಾಗಿತ್ತು. ಅಂಗಡಿಯ ಪ್ಲಾಸ್ಟಿಕ್ ಮೆಟ್ಟಿಲುಗಳಲ್ಲಿ ಒಂದೂ ಅವಳಿಗೆ ಹಿಡಿಸಲಿಲ್ಲ. ಕೊನೆಗೆ ಅಟ್ಟದಿಂದ ಅವಳ ತಾಯಿ ೧೯೮೭ರಲ್ಲಿ ಕೊಟ್ಟು ಕಳುಹಿಸಿದ್ದ ಹಲಸಿನ ಮರದ ಊಟದ ಮಣೆ ಹೊರಬಂದಿತು. ಅದರ ಕೆಳಗೆ ನಾಲ್ಕು ಗಟ್ಟಿ ಕಾಲು ಹೊಡೆದುಕೊಟ್ಟೆ. ಎರಡು ಕಿಲೊ ಮುನ್ನೂರು ಗ್ರಾಂ. ಈಗಲೂ ತೂಗುವ ಚಟ ಹೋಗಿಲ್ಲ. ಹಾಸಿಗೆಯನ್ನು ಮಾತ್ರ ಇಂದಿಗೂ ರಾತ್ರಿ ಬಿಡಿಸಿ ಬೆಳಿಗ್ಗೆ ಮಡಿಸಬೇಕು. ಲಂಡನ್ನಿಗೆ ಕಪ್ಪವನ್ನೂ ಕೊಡುತ್ತಿದ್ದೇವೆ.

೨೦೨೬ ನನಗೆ ಎಪ್ಪತ್ತು ತುಂಬುವ ವರ್ಷ. ಇನ್ನೆಷ್ಟು ವರ್ಷ ಹೀಗೆ ಎಂಬುದನ್ನು ಆಗಾಗ ಮಾತಾಡುತ್ತೇವೆ, ಮೊದಲು ಆಡುತ್ತಿರಲಿಲ್ಲ. ಅವಳಿಗೆ ಸಾಕೆನಿಸಿದ ದಿನ ಹೇಳಬೇಕು, ನನಗೆ ಕಾಣದ ದಿನ ನಾನು ಹೇಳಬೇಕು. ಇಷ್ಟು ಒಪ್ಪಂದ.

೨೦೨೫ರ ಮೇ ತಿಂಗಳಲ್ಲಿ ನಾವು ಮತ್ತೆ ಹಾಸಿಗೆ ಹೊರಡುವ ಬೆಳಿಗ್ಗೆ ಆ ಮಳಿಗೆಯ ಪ್ರಾಮಾಣಿಕ ಮನುಷ್ಯ ಫೋನ್ ಮಾಡಿದ. ಹೊಸ ಮಾದರಿಗಳು ಬಂದಿವೆಯಂತೆ, ಬೆಲೆಯಲ್ಲಿ ರಿಯಾಯಿತಿಯಂತೆ. ನಾನು ಅಂಗಳದಲ್ಲಿ ಮಣೆಯನ್ನು ಗಾಡಿಗೆ ಹಾಕುತ್ತಿದ್ದೆ. ಫೋನ್ ತೆಗೆದವಳು ಅವಳು. “ಇಲ್ಲಪ್ಪ, ಬೇಡ” ಎಂದು ಹೇಳುವುದು ಕಿಟಕಿಯಿಂದ ಕೇಳಿಸಿತು. “ನಮ್ಮವರು ಕಣ್ಣು ಮಾಡಿಸಿಕೊಂಡಿದ್ದಾರೆ. ಈಗ ಹಳೆಯ ಗಾಡಿ ಸಾಕಷ್ಟು ದೊಡ್ಡದಾಗಿ ಕಾಣುತ್ತಿದೆಯಂತೆ.”

ಆಮೇಲೆ ಬಂದು, ಬೀಗದ ಕೈಗಾಗಿ ಕೈಚಾಚಿದಳು. ಗುಲಾಬಿಯ ಗಿಡ ಮೊಗ್ಗು ಬಿಟ್ಟಿತ್ತು. ಅದಕ್ಕೆ ತಾಗದಂತೆ ಬಸವನನ್ನು ಹಿಂದಕ್ಕೆ ತೆಗೆದಳು.